ಕಲ್ಲು ಎದ್ದು ಕಾದಿತೇ? – ಇಂಕಾ ಯುದ್ಧೈತಿಹ್ಯವೂ ನಮ್ಮ ಗಡಿನಾಡಿನ ವೀರಕಥೆಗಳೂ

೧. ಪ್ರಶ್ನೆ ಹುಟ್ಟಿದ ಬಗೆ

ಇತಿಹಾಸದ ಪಾಠ ಹೇಳುವವರು ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದನ್ನು ಈ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ಅದು ನನ್ನ ಬುದ್ಧಿಗೆ ತಾನಾಗಿ ಹೊಳೆದುದಲ್ಲ. ತರಗತಿಯ ಒಬ್ಬ ಹುಡುಗನಿಂದ ಕಲಿತದ್ದು.

ದಕ್ಷಿಣ ಅಮೆರಿಕದ ಇಂಕಾ ಜನರ ಯುದ್ಧವನ್ನೂ ಐತಿಹ್ಯವನ್ನೂ ಕುರಿತ ಒಂದು ಕಿರುಚಿತ್ರವನ್ನು ಒಮ್ಮೆ ನಮ್ಮ ತರಗತಿಯಲ್ಲಿ ಪರದೆಯ ಮೇಲೆ ತೋರಿಸಿದ್ದೆವು. ನಟರು ಅಭಿನಯಿಸಿದ ಚಿತ್ರವಲ್ಲ ಅದು. ಬರೆದ ಚಿತ್ರಗಳನ್ನೇ ಒಂದರ ಹಿಂದೊಂದಾಗಿ ಓಡಿಸಿ ಜೀವ ಬರಿಸಿದ ಅನಿಮೇಶನ್ ಚಿತ್ರ. ಬೆಟ್ಟಗಳ ನಡುವಣ ನಗರವೊಂದನ್ನು ಶತ್ರುಗಳು ಮುತ್ತುತ್ತಾರೆ. ಅರಸನು ಓಡಿಹೋಗಿದ್ದಾನೆ. ಉಳಿದವನು ಒಬ್ಬ ತರುಣ ರಾಜಕುಮಾರ. ಇನ್ನೇನು ಸೋತೆವು ಎನ್ನುವಷ್ಟರಲ್ಲಿ ಬಯಲಿನ ಬಂಡೆಗಳು ಮಿಸುಕಾಡುತ್ತವೆ, ಎದ್ದು ನಿಲ್ಲುತ್ತವೆ, ಕವಣೆ ಗದೆಗಳನ್ನು ಹಿಡಿದ ಯೋಧರಾಗಿ ಶತ್ರುಗಳ ಮೇಲೆ ಬೀಳುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು.

ಚಿತ್ರ ಮುಗಿದೊಡನೆ ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮಾಷ್ಟ್ರೇ, ಕಲ್ಲು ಎದ್ದು ಯುದ್ಧ ಮಾಡಿದ್ದು ಹೌದಾ?”

“ಇಲ್ಲ ಮಗು, ಅದು ಕಟ್ಟುಕಥೆ” ಎಂದೆ. ಗಂಟೆ ಹೊಡೆಯಲು ಐದು ನಿಮಿಷವಿತ್ತು. ವಿಷಯ ಮುಗಿಯಿತೆಂದು ಭಾವಿಸಿದ್ದೆ. ಆಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗನೊಬ್ಬನು ಎದ್ದು ನಿಂತು ಕೇಳಿದ: “ಹಾಗಾದರೆ ನಮ್ಮ ಕೋಟಿ ಚೆನ್ನಯರೂ ಕಟ್ಟುಕಥೆಯಾ ಮಾಷ್ಟ್ರೇ?”

ನಾನು ನಿರುತ್ತರನಾದೆ. ‘ಹೌದು’ ಎಂದರೆ ಅವನ ಮನೆಯವರು ತಲೆಮಾರುಗಳಿಂದ ಕೈಮುಗಿದು ಬಂದ ಗರಡಿಯನ್ನು ಒಂದೇ ಮಾತಿನಲ್ಲಿ ಕೆಡವಿದಂತೆ. ‘ಅಲ್ಲ, ಅದು ನಿಜ’ ಎಂದರೆ ಇಂಕಾ ಜನರ ನಂಬಿಕೆ ಸುಳ್ಳು, ನಮ್ಮದು ಮಾತ್ರ ಸತ್ಯ ಎಂಬ ಪಕ್ಷಪಾತವನ್ನು ಮಕ್ಕಳ ತಲೆಯಲ್ಲಿ ಬಿತ್ತಿದಂತೆ. ಎರಡೂ ಅಧ್ಯಾಪಕನಿಗೆ ತಕ್ಕ ಮಾತಲ್ಲ. ಆ ದಿನ ಕೊಡಲಾರದ ಉತ್ತರವನ್ನು ಆಮೇಲೆ ಓದಿ, ಕೇಳಿ, ಯೋಚಿಸಿ ಹುಡುಕಲು ಮಾಡಿದ ಯತ್ನವೇ ಈ ಬರಹ.

೨. ಕುಸ್ಕೊ ನಗರದ ಕಲ್ಲುಯೋಧರು

ಇಂಕಾ ಜನರು ಆಂಡೀಸ್ ಪರ್ವತಶ್ರೇಣಿಯಲ್ಲಿ, ಇಂದಿನ ಪೆರು ದೇಶವನ್ನು ಕೇಂದ್ರವಾಗಿಟ್ಟುಕೊಂಡು ಬಾಳಿದವರು. ಸಮುದ್ರಮಟ್ಟದಿಂದ ಸುಮಾರು ೩,೪೦೦ ಮೀಟರ್ ಎತ್ತರದಲ್ಲಿರುವ ಕುಸ್ಕೊ ಅವರ ರಾಜಧಾನಿ. ಕೆಚುವಾ ಅವರ ಆಡಳಿತದ ಭಾಷೆ. ಅವರಿಗೆ ಕಬ್ಬಿಣ ತಿಳಿಯದು, ಕುದುರೆ ತಿಳಿಯದು, ನಾವು ಬರೆಹವೆನ್ನುವಂಥ ಅಕ್ಷರವೂ ಇಲ್ಲ. ಲೆಕ್ಕಪತ್ರಗಳನ್ನು ಗಂಟುಹಾಕಿದ ದಾರಗಳಲ್ಲಿ ಇಡುತ್ತಿದ್ದರು. ಅದಕ್ಕೆ ‘ಕೀಪು’ ಎಂದು ಹೆಸರು. ಯುದ್ಧದಲ್ಲಿ ಕವಣೆ, ನಕ್ಷತ್ರದಾಕಾರದ ತಲೆಯುಳ್ಳ ಗದೆ, ದಪ್ಪನಾಗಿ ಹೊಲಿದ ಹತ್ತಿಯ ಕವಚ, ಮರದ ಗುರಾಣಿ—ಇವೇ ಸಾಧನಗಳು. ಆದರೆ ಅವರ ನಿಜವಾದ ಬಲವಿದ್ದುದು ರಸ್ತೆಗಳಲ್ಲಿ ಮತ್ತು ಉಗ್ರಾಣಗಳಲ್ಲಿ. ಸೈನ್ಯ ಹೋಗುವ ದಾರಿಯುದ್ದಕ್ಕೂ ಧಾನ್ಯ, ಬಟ್ಟೆ, ಆಯುಧಗಳ ಕೋಠಿಗಳನ್ನು ಕಟ್ಟಿಟ್ಟಿದ್ದರಿಂದ ಹಸಿದ ಸೈನ್ಯ ತನ್ನ ಪ್ರಜೆಗಳನ್ನೇ ದೋಚುವ ಪ್ರಸಂಗ ಕಡಿಮೆಯಾಯಿತು.

ಈ ರಾಜ್ಯವು ಸಾಮ್ರಾಜ್ಯವಾಗಿ ಬೆಳೆದುದರ ಮೂಲದಲ್ಲಿ ನಮ್ಮ ಮಕ್ಕಳು ಪರದೆಯ ಮೇಲೆ ಕಂಡ ಯುದ್ಧವಿದೆ. ವಿದ್ವಾಂಸರು ಸಾಮಾನ್ಯವಾಗಿ ಇದನ್ನು ಕ್ರಿ. ಶ. ೧೪೩೮ರ ಸುಮಾರಿಗೆ ಇಡುತ್ತಾರೆ. ಪಶ್ಚಿಮದ ಆಂದವಾಯ್ಲಾಸ್ ಸೀಮೆಯ ಚಂಕಾ ಜನರು ಕುಸ್ಕೊವನ್ನು ಮುತ್ತಿದರು. ಮುದುಕನಾದ ಅರಸ ವಿರಾಕೊಚಾ ಇಂಕನು ತನ್ನ ಮೆಚ್ಚಿನ ಮಗನೊಡನೆ ನಗರವನ್ನು ಬಿಟ್ಟು ದೂರದ ಕೋಟೆಗೆ ಸರಿದನು. ಇನ್ನೊಬ್ಬ ಮಗನಾದ ಕುಸಿ ಯುಪಾಂಕಿಯು ಬೆರಳೆಣಿಕೆಯ ಸಂಗಡಿಗರೊಡನೆ ನಿಂತು ಕಾದಿ ಗೆದ್ದನು. ಗೆದ್ದವನು ‘ಪಚಕೂಟಿ’ ಎಂಬ ಬಿರುದನ್ನು ತಳೆದನು. ಲೋಕವನ್ನು ತಿರುಗುಮುರುಗು ಮಾಡಿದವನು ಎಂದು ಅದರ ಅರ್ಥ.

ಯುದ್ಧದ ನಡುವೆ ಎಲ್ಲಿಂದಲೋ ಬಂದ ಅಪರಿಚಿತ ಯೋಧರು ಅವನಿಗೆ ನೆರವಾದರೆಂದೂ, ಗೆಲವಿನ ತರುವಾಯ ಅವರು ಕಲ್ಲಾದರೆಂದೂ ಐತಿಹ್ಯ. ಆ ಕಲ್ಲುಗಳಿಗೆ ‘ಪುರುರಾವುಕಾ’ ಎಂದು ಹೆಸರು. ಅವರು ಕನಸಿನಲ್ಲಿ ಬಂದು ತಮ್ಮನ್ನು ಜನರು ಮರೆತರೆಂದು ದೂರಿದುದಾಗಿ ಪಚಕೂಟಿಯು ಹೇಳಿದನಂತೆ. ಬಳಿಕ ತಾನೇ ಬಯಲಿಗೆ ಹೋಗಿ ಇದು, ಇದು ಎಂದು ಕಲ್ಲುಗಳನ್ನು ಗುರುತಿಸಿ ನಗರಕ್ಕೆ ತರಿಸಿ, ಸ್ಥಾನ ಕಟ್ಟಿಸಿ, ಬಲಿಪೂಜೆಗಳನ್ನು ಏರ್ಪಡಿಸಿದನಂತೆ. ತಮ್ಮನ್ನು ಮರೆತರೆಂದು ಕನಸಿನಲ್ಲಿ ದೂರಿ ಸ್ಥಾನ ಕೇಳುವ ದೈವಗಳ ಕಥೆ ನಮ್ಮ ಕಡೆಯ ಓದುಗರಿಗೆ ಹೊಸದಲ್ಲ. ಸಾವಿರಾರು ಮೈಲು ಆಚೆಯ ಜನರು ಇದೇ ಮಾತನ್ನು ಆಡಿದರೆಂದು ತಿಳಿದಾಗ ಒಂದು ಬಗೆಯ ಬಂಧುಭಾವ ಹುಟ್ಟುತ್ತದೆ.

೩. ಹೇಳಿದವರು ಯಾರು?

ಬರೆಹವಿಲ್ಲದ ಜನರ ಈ ಕಥೆ ನಮಗೆ ತಲಪಿದುದು ಹೇಗೆ? ಸ್ಪೇನಿನವರು ೧೫೩೨ರಲ್ಲಿ ಆ ನಾಡಿಗೆ ನುಗ್ಗಿ ಅತಾವಾಲ್ಪನೆಂಬ ಇಂಕಾ ಅರಸನನ್ನು ಸೆರೆಹಿಡಿದು, ಮರುವರ್ಷ ಕೊಂದರು. ಆಮೇಲೆ ಅವರೇ ಹಳೆಯ ಕಥೆಗಳನ್ನು ಬರೆದಿಟ್ಟರು. ೧೫೫೧ರಲ್ಲಿ ಬರೆದ ಹ್ವಾನ್ ದೆ ಬೆಟಾನ್ಸೊಸನು ಇಂಕಾ ರಾಜಮನೆತನದ ಹೆಣ್ಣನ್ನು ಮದುವೆಯಾಗಿದ್ದವನು. ಅವನ ಗ್ರಂಥದಲ್ಲಿ ಪಚಕೂಟಿಯೇ ಮಹಾನಾಯಕ. ೧೫೭೨ರಲ್ಲಿ ಬರೆದ ಸಾರ್ಮಿಯೆಂಟೊ ಸ್ಪೇನಿನ ರಾಜಪ್ರತಿನಿಧಿಯ ಆಜ್ಞೆಯಂತೆ ಬರೆದವನು. ಇಂಕಾ ಅರಸರು ಹಕ್ಕಿಲ್ಲದೆ ನಾಡನ್ನು ಕಸಿದ ದಬ್ಬಾಳಿಕೆಗಾರರೆಂದು ತೋರಿಸಿ, ತನ್ನವರ ಆಕ್ರಮಣವನ್ನು ನ್ಯಾಯವೆನಿಸುವುದು ಅವನ ಉದ್ದೇಶ. ೧೬೦೯ರಲ್ಲಿ ಗ್ರಂಥ ಪ್ರಕಟಿಸಿದ ಗಾರ್ಸಿಲಾಸೊ ಇಂಕಾ ತಾಯಿಗೆ ಸ್ಪೇನಿನ ತಂದೆಯಿಂದ ಹುಟ್ಟಿದವನು. ಅವನ ಪ್ರಕಾರ ಚಂಕಾ ಜನರನ್ನು ಗೆದ್ದವನು ಪಚಕೂಟಿಯೇ ಅಲ್ಲ, ವಿರಾಕೊಚಾ!

ಒಂದೇ ಯುದ್ಧ, ಇಬ್ಬರು ನಾಯಕರು. ಇದಕ್ಕೆ ಕಾರಣವಿದೆ. ಕುಸ್ಕೊದಲ್ಲಿ ಪ್ರತಿಯೊಬ್ಬ ಅರಸನ ಸಂತತಿಯೂ ಬೇರೆಬೇರೆ ಕುಲವಾಗಿ ತಂತಮ್ಮ ಪೂರ್ವಜನ ಶವವನ್ನು ಕಾಯ್ದು, ಅವನ ಆಸ್ತಿಯನ್ನು ಅನುಭವಿಸಿ, ಅವನ ಸಾಹಸಗಳನ್ನು ಹಾಡುತ್ತಿತ್ತು. ಯಾರ ಮನೆಯ ಹಿರಿಯರನ್ನು ಕೇಳಿದರೋ ಅವರ ಪೂರ್ವಜನು ಗೆದ್ದನು. ಕಲ್ಲು ಎದ್ದ ವಿಷಯದಲ್ಲಿಯೂ ಗಾರ್ಸಿಲಾಸೊ ಒಂದು ಬೆಳಕನ್ನು ಚೆಲ್ಲುತ್ತಾನೆ. ಯುದ್ಧ ನಡೆಯುತ್ತಿದ್ದಾಗ ನೆರೆಸೀಮೆಯ ಜನರು ತಂಡತಂಡವಾಗಿ ನೆರವಿಗೆ ಬಂದರಂತೆ. ಆಗ ಇಂಕಾ ಸೈನಿಕರು ಕಲ್ಲುಗಳೂ ಪೊದೆಗಳೂ ಮನುಷ್ಯರಾಗಿ ಬರುತ್ತಿವೆಯೆಂದು ಕೂಗಿ ಶತ್ರುಗಳ ಎದೆಯೊಡೆಸಿದರಂತೆ. ಹಾಗೆಂದರೆ ಬೆಟ್ಟದ ಮರೆಯಿಂದ ಎದ್ದುಬಂದ ಮಿತ್ರರೇ ಕಥೆಯಲ್ಲಿ ಕಲ್ಲಾಗಿರಬಹುದು. ಮುಂದೆ ಈ ಕಲ್ಲುಗಳನ್ನು ಯುದ್ಧಗಳಿಗೂ ಒಯ್ಯುತ್ತಿದ್ದರೆಂದೂ, ಅವುಗಳ ಹೆಸರು ಕೇಳಿಯೇ ಶತ್ರುಗಳು ನಡುಗುತ್ತಿದ್ದರೆಂದೂ ೧೫೯೦ರಲ್ಲಿ ಬರೆದ ಅಕೋಸ್ತ ಎಂಬ ಪಾದ್ರಿ ಹೇಳುತ್ತಾನೆ.

ಆದುದರಿಂದ ಪುರುರಾವುಕಾ ಐತಿಹ್ಯವು ಬರಿಯ ಕಟ್ಟುಕಥೆಯಲ್ಲ, ಅದೊಂದು ಆಯುಧ. ಗೆದ್ದವನು ಹೇಳಿ, ಗೆದ್ದವನೇ ಪೂಜೆ ಏರ್ಪಡಿಸಿ, ಮತ್ತೆ ಗೆಲ್ಲುವುದಕ್ಕಾಗಿ ಬಳಸಿದ ಕಥೆ. ನೆರವಿಗೆ ಬಂದ ನೆರೆಯವರ ಋಣವೂ ಇದರಿಂದ ತೀರಿತು. ಕಲ್ಲಿಗೆ ಪೂಜೆ ಸಲ್ಲಿಸಿದರೆ ಸಾಕು, ಪಾಲು ಕೊಡಬೇಕಾಗಿಲ್ಲ!

೪. ನಮ್ಮ ನಾಡಿನಲ್ಲಿ ಗೆದ್ದವರ ಕಲ್ಲು

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಕಾಸರಗೋಡು ಇಂದು ಕೇರಳದ ಒಂದು ಜಿಲ್ಲೆ. ೧೯೫೬ರ ನವೆಂಬರ್ ೧ರವರೆಗೆ ಇದು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ೧೯೮೪ರ ಮೇ ೨೪ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ಗಡಿಯೆಂಬುದು ಈ ಮಣ್ಣಿಗೆ ಹೊಸತಲ್ಲ. ಚಂದ್ರಗಿರಿ ಹೊಳೆಯನ್ನು ತುಳುನಾಡಿಗೂ ಮಲೆಯಾಳದ ಕೋಲತ್ತುನಾಡಿಗೂ ನಡುವಣ ಎಲ್ಲೆಯೆಂದು ಹಿಂದಿನಿಂದ ಎಣಿಸುತ್ತ ಬಂದಿದ್ದಾರೆ. ಉತ್ತರಕ್ಕೆ ಕುಂಬಳೆಯ ಅರಸರು, ತೆಂಕಕ್ಕೆ ನೀಲೇಶ್ವರದ ಅರಸರು, ಅವರಾಚೆ ಕೋಲತ್ತಿರಿ. ೧೫೬೫ರಲ್ಲಿ ವಿಜಯನಗರದ ಬಲ ಮುರಿದ ಮೇಲೆ ಘಟ್ಟದ ಮೇಲಿನ ಕೆಳದಿಯ ನಾಯಕರು ಸ್ವತಂತ್ರರಾಗಿ ಕರಾವಳಿಗೆ ಇಳಿದರು. ಅವರನ್ನು ಇಕ್ಕೇರಿಯವರೆಂದೂ ಕರೆಯುವುದುಂಟು.

ಹದಿನೇಳನೆಯ ಶತಮಾನದ ನಡುವಿನಲ್ಲಿ ಶಿವಪ್ಪ ನಾಯಕನ ಕಾಲದಲ್ಲಿ ಬೇಕಲದ ಕೋಟೆಯೂ ಚಂದ್ರಗಿರಿಯ ಕೋಟೆಯೂ ಎದ್ದುವೆಂದು ಪ್ರತೀತಿ. ಬೇಕಲವು ಕೇರಳದ ಕೋಟೆಗಳಲ್ಲೇ ದೊಡ್ಡದು. ಸುಮಾರು ೪೦ ಎಕರೆ ಹರವು. ಕಡಲೊಳಕ್ಕೆ ಚಾಚಿದ ನೆಲದ ಮೇಲೆ ಮುರಕಲ್ಲಿನಿಂದ ಕಟ್ಟಿದ ಆ ಗೋಡೆಗಳನ್ನು ಕಂಡವರಿಗೆ ಅದನ್ನು ಕಟ್ಟಿಸಿದವರ ಉದ್ದೇಶ ಹೇಳದೆಯೇ ತಿಳಿಯುತ್ತದೆ: ಅರಮನೆಯ ವೈಭವವಲ್ಲ, ಸಮುದ್ರದ ಕಾವಲು. ಇನ್ನೂ ತೆಂಕಕ್ಕೆ ಹೋದರೆ ಹೊಸದುರ್ಗ. ಇದನ್ನು ಸೋಮಶೇಖರ ನಾಯಕನು ಕಟ್ಟಿಸಿದನೆನ್ನುತ್ತಾರೆ. ಕನ್ನಡದಲ್ಲಿ ‘ಹೊಸದುರ್ಗ’, ಮಲೆಯಾಳದಲ್ಲಿ ‘ಪುದಿಯಕೋಟ’. ಎರಡು ಭಾಷೆಗಳೂ ಒಂದೇ ಮಾತನ್ನು ಹೇಳುತ್ತವೆ. ಸ್ಥಳನಾಮದಂಥ ನಿಷ್ಪಕ್ಷಪಾತಿ ಸಾಕ್ಷಿ ಇನ್ನೊಂದಿಲ್ಲ.

ಈ ಗಡಿಯಲ್ಲಿ ನೆತ್ತರೂ ಸಾಕಷ್ಟು ಹರಿಯಿತು. ನೀಲೇಶ್ವರದವರು ಇಕ್ಕೇರಿಯವರೊಡನೆ ಬಹುಕಾಲ ಹೋರಾಡಿದರು. ೧೭೩೦ರ ದಶಕದಲ್ಲಿ ಇಕ್ಕೇರಿಯ ಸೈನ್ಯವು ಕೋಲತ್ತುನಾಡಿನೊಳಕ್ಕೆ ನುಗ್ಗಿದಾಗ ತಲಶ್ಶೇರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಮೆಣಸಿನ ವ್ಯಾಪಾರವನ್ನು ಉಳಿಸಿಕೊಳ್ಳಲು ಕೋಲತ್ತಿರಿಯ ಪಕ್ಷ ವಹಿಸಿದರು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆ ಈ ಕೋಟೆಗಳು ಮೈಸೂರಿನ ಕೈಸೇರಿದುವು. ೧೭೯೯ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪೆನಿಗೆ ಹೋದುವು.

ಇಲ್ಲಿ ಗೆದ್ದವರ ಕಥೆಯನ್ನು ಹೇಳುವವರು ಇರಲಿಲ್ಲವೆ? ಇದ್ದರು. ಕೆಳದಿಯ ಅರಸರ ವಂಶವನ್ನೂ ದಿಗ್ವಿಜಯಗಳನ್ನೂ ಲಿಂಗಣ್ಣ ಕವಿಯು ‘ಕೆಳದಿನೃಪವಿಜಯ’ ಎಂಬ ಚಂಪೂಕಾವ್ಯದಲ್ಲಿ ಹೇಳಿದ್ದಾನೆ. ಅದು ಚರಿತ್ರೆಗೆ ಬಹಳ ಉಪಯುಕ್ತವಾದ ಗ್ರಂಥ, ಸಂದೇಹವಿಲ್ಲ. ಆದರೆ ಕೃತಿಯ ಹೆಸರಿನಲ್ಲಿಯೇ ‘ವಿಜಯ’ವಿದೆ. ಬೇಕಲದ ಮುರಕಲ್ಲನ್ನು ಕಡಿದವನ ಹೆಸರಾಗಲಿ, ಹೊಸದುರ್ಗದ ಬುಡದಲ್ಲಿ ಸತ್ತ ಕಾಲಾಳಿನ ಹೆಸರಾಗಲಿ ಅರಸರ ವಂಶಾವಳಿಯಲ್ಲಿ ಹುಡುಕಿದರೆ ಸಿಕ್ಕುವುದಲ್ಲ. ಕುಸ್ಕೊದ ರಾಜಕುಲಗಳ ಹಾಡಿನಂತೆಯೇ ಇದೂ ಅರಮನೆಯ ಮಾತು.

೫. ಸತ್ತವರ ಕಥೆ

ಹಾಗಾದರೆ ಸತ್ತವರ ಮಾತನ್ನು ಎಲ್ಲಿ ಕೇಳಬೇಕು? ಗರಡಿಯ ಅಂಗಳದಲ್ಲಿ, ಕಾವಿನ ಮುಂದೆ, ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ. ಉತ್ತರದಲ್ಲಿ ಅದಕ್ಕೆ ಪಾಡ್ದನ ಎನ್ನುತ್ತಾರೆ, ತೆಂಕಣದಲ್ಲಿ ತೋಟ್ಟಂ ಎನ್ನುತ್ತಾರೆ. ಒಂದು ತುಳು, ಒಂದು ಮಲೆಯಾಳ. ಆದರೆ ಎರಡರ ಹುರುಳೂ ಒಂದೇ.

ಕೋಟಿ ಚೆನ್ನಯರ ಕಥೆಯನ್ನು ನೋಡಿ. ಪಡುಮಲೆಯ ಬಲ್ಲಾಳನ ಕಾಲಿನ ಮುಳ್ಳಿನ ಗಾಯವನ್ನು ಮದ್ದುಕೊಟ್ಟು ವಾಸಿ ಮಾಡಿದವಳು ಬಿಲ್ಲವರ ದೇಯಿ ಬೈದೆತಿ. ಅವಳ ಅವಳಿ ಮಕ್ಕಳು ಇವರು. ತಾಯಿ ತೀರಿಕೊಂಡಳು, ಮಕ್ಕಳು ಮಾವನ ಮನೆಯಲ್ಲಿ ಬೆಳೆದರು. ಗದ್ದೆಯ ವಿಷಯದಲ್ಲಿ ಮಂತ್ರಿ ಬುದ್ಯಂತನೊಡನೆ ಜಗಳವಾಯಿತು, ಬುದ್ಯಂತನು ಸತ್ತನು. ತಾಯಿಗೆ ಕೊಟ್ಟ ಮಾತಿನ ಪ್ರಕಾರ ಸಲ್ಲಬೇಕಾದುದನ್ನು ಕೇಳಿದಾಗ ಬಲ್ಲಾಳನು ಕೊಡಲಿಲ್ಲ. ಅವರು ನಾಡು ಬಿಟ್ಟರು. ಪಂಜದಲ್ಲಿ ಮೋಸದಿಂದ ಸೆರೆಗೆ ಬಿದ್ದು, ಬಿಡಿಸಿಕೊಂಡು, ಎಣ್ಮೂರಿನ ಬಲ್ಲಾಳನ ಆಶ್ರಯ ಪಡೆದರು. ಎಣ್ಮೂರಿಗೂ ಪಂಜಕ್ಕೂ ನಡುವಣ ಗಡಿಯ ತಂಟೆಯೂ ಕಥೆಯಲ್ಲಿ ಬರುತ್ತದೆ. ಕೊನೆಯ ಯುದ್ಧದಲ್ಲಿ ಬಾಣ ತಗಲಿ ಕೋಟಿ ಬಿದ್ದನು. ಅಣ್ಣನನ್ನು ಬಿಟ್ಟು ಬದುಕಲಾರದೆ ಚೆನ್ನಯನು ಕಲ್ಲಿಗೆ ತಲೆ ಬಡಿದುಕೊಂಡು ಸತ್ತನೆಂದು ಹೇಳುತ್ತಾರೆ. ಸಾಯುವ ಮುನ್ನ ಹಗೆಗಳಾದ ಬಲ್ಲಾಳರ ನಡುವೆ ಸಂಧಿ ಮಾಡಿಸಿದರೆಂಬ ಮಾತೂ ಉಂಟು.

ಕುಸ್ಕೊದಲ್ಲಿ ಕಲ್ಲು ಎದ್ದು ಮನುಷ್ಯನಾಯಿತು. ಇಲ್ಲಿ ಮನುಷ್ಯನು ಕಲ್ಲಿನ ಮೇಲೆ ಬಿದ್ದು ದೈವವಾದನು. ಅಲ್ಲಿ ಅರಸನಿಗಾಗಿ ಎದ್ದರು. ಇಲ್ಲಿ ಅರಸನ ಮುಂದೆ ಎದ್ದರು. ಎರಡಕ್ಕೂ ಇರುವ ಅಂತರವು ಇಷ್ಟರಲ್ಲೇ ಸ್ಪಷ್ಟವಾಗುತ್ತದೆ.

ಇನ್ನು ತೆಂಕಣದ ಕದಿವನೂರ್ ವೀರನ್. ಇವನ ಹೆಸರು ಮಂದಪ್ಪನ್. ಕಣ್ಣೂರಿನ ಬಳಿಯ ಮಾಂಙಾಡಿನ ತೀಯರ ಹುಡುಗ. ತಂದೆಯೊಡನೆ ಮುನಿದು, ಗೆಳೆಯರೊಡನೆ ಘಟ್ಟ ಹತ್ತಿ ಕೊಡಗಿಗೆ ಹೊರಟನು. ಗೆಳೆಯರು ನಡುದಾರಿಯಲ್ಲಿ ಕೈಬಿಟ್ಟರು. ಕದಿವನೂರಿನ ಮಾವನ ಮನೆ ಸೇರಿ, ಚೆಮ್ಮರತಿಯನ್ನು ಮದುವೆಯಾದನು. ಕೊಡಗರ ಪಡೆ ಬಂದಾಗ ಹೋಗಿ ಕಾದಿದನು, ಗೆದ್ದನು. ಹಿಂತಿರುಗುವಾಗ ತನ್ನ ಕಿರುಬೆರಳೂ ಉಂಗುರವೂ ಕಡಿದುಹೋಗಿರುವುದನ್ನು ಕಂಡನು. ಅದನ್ನು ತರಲೆಂದು ರಣರಂಗಕ್ಕೆ ಮರಳಿದವನನ್ನು ಶತ್ರುಗಳು ತುಂಡುತುಂಡಾಗಿ ಕಡಿದರು. ಹೆಂಡತಿ ಅವನ ಚಿತೆಗೆ ಹಾರಿದಳು. ಇಂದಿಗೂ ಈ ತೆಯ್ಯದಲ್ಲಿ ವೇಷಧಾರಿಯು ಕತ್ತಿ ಗುರಾಣಿಗಳ ವರಸೆಯನ್ನು ತೋರಿಸುತ್ತಾನೆ. ಬಾಳೆದಿಂಡಿನ ಮೇಲೆ ಪಂಜುಗಳನ್ನು ಹೊತ್ತಿಸಿ ಚೆಮ್ಮರತಿಯ ತರೆಯನ್ನು ಮಾಡುತ್ತಾರೆ. ಯಾವ ಅರಮನೆಯ ಕವಿಯೂ ಒಂದು ಕಿರುಬೆರಳಿಗಾಗಿ ಮರಳಿ ಹೋದ ಕಾಲಾಳಿನ ಕಥೆಯನ್ನು ಬರೆಯುತ್ತಿರಲಿಲ್ಲ.

ಮೂರನೆಯದಾಗಿ ನೀಲೇಶ್ವರದ ಪಾಲಂದಾಯಿ ಕಣ್ಣನ್. ಇದು ಯುದ್ಧದ ಕಥೆಯಲ್ಲ, ಕೊಲೆಯ ಕಥೆ. ಕುರುವಾಟ್ ಕುರುಪ್ ಎಂಬ ಪ್ರಭುವಿನ ಸಿಟ್ಟಿಗೆ ಹೆದರಿ ಓಡಿದ ದನಗಾಹಿ ಹುಡುಗನು ಮಂಗಳೂರಿನ ಕಡೆಯಲ್ಲಿ ಆಶ್ರಯ ಪಡೆದು, ಅಲ್ಲಿ ನರಸಿಂಹನ ಭಕ್ತನಾದನು. ವರ್ಷಗಳ ಮೇಲೆ ಊರಿನ ಹಂಬಲದಿಂದ ಹಿಂತಿರುಗಿ ಕೆರೆಯಲ್ಲಿ ಇಳಿದಾಗ ಕುರುಪ್ ಅವನನ್ನು ಕೊಂದನು. ಬಳಿಕ ಕೊಂದವನ ಮನೆಗೇ ಉಪದ್ರವವಾಗಿ, ಅವನೇ ವಿಷ್ಣುಮೂರ್ತಿಯನ್ನು ನಂಬಿ ಕಟ್ಟಬೇಕಾಯಿತು. ಈ ಕಥೆಯ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿದರೆ ನೀಲೇಶ್ವರದಿಂದ ಮಂಗಳೂರಿಗೆ, ಮಂಗಳೂರಿನಿಂದ ನೀಲೇಶ್ವರಕ್ಕೆ—ಇಡಿಯ ಕಾಸರಗೋಡು ಜಿಲ್ಲೆಯೇ ಅದರಲ್ಲಿ ಅಡಗಿದೆ. ಅರಸರ ಪಾಲಿಗೆ ಎಲ್ಲೆಯಾಗಿದ್ದ ಚಂದ್ರಗಿರಿ ಹೊಳೆಯನ್ನು ದನಗಾಹಿಯೊಬ್ಬನು ಎರಡು ಸಲ ದಾಟಿದನು. ಅವನ ದೈವವೂ ದಾಟಿತು.

ಈ ಎಲ್ಲ ಕಥೆಗಳಿಗೂ ಒಂದು ಸಮಾನ ಲಕ್ಷಣವುಂಟು. ಸತ್ತವನು ಗೆದ್ದ ಪಕ್ಷದ ಅರಸನಲ್ಲ. ಕಥೆ ಹಾಡುವವನೂ ಅರಸನ ಕವಿಯಲ್ಲ. ತುಳುನಾಡಿನಲ್ಲಿ ಪಂಬದರು, ಪರವರು, ನಲಿಕೆಯವರು. ಮಲೆಯಾಳದಲ್ಲಿ ವಣ್ಣಾನರು, ಮಲಯರು. ಹಿಂದೆ ಯಾರನ್ನು ಅಂಗಳದಾಚೆ ನಿಲ್ಲಿಸುತ್ತಿದ್ದರೋ ಅವರೇ ಅಣಿ ಕಟ್ಟಿ, ಮುಡಿ ಧರಿಸಿ ನಿಂತಾಗ ಮನೆಯ ಯಜಮಾನನು ಕೈಮುಗಿದು ತನ್ನ ಹಿರಿಯರ ತಪ್ಪಿನ ಕಥೆಯನ್ನು ಕೇಳಬೇಕು. ಬೆಳಗಾದ ಮೇಲೆ ಲೋಕ ಮತ್ತೆ ಎಂದಿನಂತೆಯೇ ನಡೆಯಿತು, ಅಂಗಳದಾಚೆಯವನು ಆಚೆಯೇ ಉಳಿದನು ಎಂಬುದನ್ನೂ ಮರೆಮಾಚಬಾರದು. ಆದರೂ ವರ್ಷಕ್ಕೊಮ್ಮೆಯಾದರೂ ಸತ್ತವನ ಸಾಕ್ಷ್ಯವನ್ನು ಕೇಳಲೇಬೇಕೆಂಬ ಕಟ್ಟಳೆ ಸಣ್ಣದಲ್ಲ.

೬. ಸೋತ ಇಂಕಾ

ಇಂಕಾ ಜನರು ಗೆಲ್ಲುತ್ತಿದ್ದಾಗ ಕಲ್ಲು ಎದ್ದ ಕಥೆಯನ್ನು ಹೇಳಿದರೆಂದು ನೋಡಿದೆವು. ಸೋತ ಮೇಲೆ ಅವರು ಏನು ಹೇಳಿದರು?

೧೫೩೬ರಲ್ಲಿ ಮಾಂಕೊ ಇಂಕನು ಸ್ಪೇನಿನವರ ವಶದಲ್ಲಿದ್ದ ಕುಸ್ಕೊವನ್ನು ಮುತ್ತಿದನು. ಕಾಯಿಸಿದ ಕಲ್ಲುಗಳನ್ನು ಕವಣೆಯಿಂದ ಬೀಸಿ ಹುಲ್ಲಿನ ಮಾಡುಗಳಿಗೆ ಬೆಂಕಿ ಹತ್ತಿಸಿದರು. ಆ ದಿನ ಕಲ್ಲು ನಿಜವಾಗಿಯೂ ಕಾದಿತು ಎನ್ನಬೇಕು. ಆದರೂ ನಗರ ಕೈವಶವಾಗಲಿಲ್ಲ. ಆಗ ಕಥೆ ಕಟ್ಟುವ ಸರದಿ ಸ್ಪೇನಿನವರದಾಯಿತು. ಮೇರಿಯಮ್ಮನೂ ಸಂತ ಸಾಂತಿಯಾಗೊವೂ ಆಕಾಶದಿಂದಿಳಿದು ತಮ್ಮನ್ನು ಕಾಪಾಡಿದರೆಂದು ಅವರು ಹೇಳಿದರು. ಅದರ ನೆನಪಿಗಾಗಿ ಕಟ್ಟಿದ ‘ವಿಜಯ’ದ ಇಗರ್ಜಿ ಕುಸ್ಕೊದ ಮಹಾದೇವಾಲಯದ ಪಕ್ಕದಲ್ಲಿ ಈಗಲೂ ಇದೆ. ಜಾತಿ ಬೇರೆ, ಮತ ಬೇರೆ. ಗೆದ್ದವರ ಕಥೆಯ ರೀತಿ ಮಾತ್ರ ಒಂದೇ.

೧೫೭೨ರಲ್ಲಿ ಕೊನೆಯ ಇಂಕಾ ಅರಸನಾದ ತೂಪಾಕ್ ಅಮಾರುವಿನ ತಲೆಯನ್ನು ಕುಸ್ಕೊದ ಚೌಕದಲ್ಲಿ ಕಡಿದರು. ಸಾರ್ಮಿಯೆಂಟೊವಿನ ಇತಿಹಾಸ ಮುಗಿದುದೂ ಅದೇ ವರ್ಷ! ಲೇಖನಿಯೂ ಕತ್ತಿಯೂ ಜತೆಗೂಡಿ ನಡೆದುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಆದರೆ ಸುಮಾರು ನಾಲ್ಕು ಶತಮಾನಗಳ ಮೇಲೆ, ೧೯೫೦ರ ದಶಕದಲ್ಲಿ, ಪೆರುವಿನ ವಿದ್ವಾಂಸರು ಕೆರೊ, ಪುಕಿಯೊ ಮೊದಲಾದ ಬೆಟ್ಟದೂರುಗಳಲ್ಲಿ ಒಂದು ಕಥೆಯನ್ನು ಕೇಳಿ ಬರೆದುಕೊಂಡರು. ಇಂಕಾರಿ ಎಂಬ ಅರಸನನ್ನು ಕೊಂದರು. ಅವನ ತಲೆಯನ್ನು ಬೇರೆ ಹೂಳಿದರು. ಆದರೆ ತಲೆ ಸತ್ತಿಲ್ಲ. ನೆಲದೊಳಗೆ ಅದರಿಂದ ಮೈ ಬೆಳೆಯುತ್ತಿದೆ. ಮೈ ಪೂರ್ಣವಾದ ದಿನ ಅವನು ಎದ್ದು ಬರುತ್ತಾನೆ.

ಇದು ಕುಸ್ಕೊದ ರಾಜಕುಲಗಳ ಹಾಡಲ್ಲ. ಕುರಿ ಕಾಯುವ, ಆಲೂಗಡ್ಡೆ ಬೆಳೆಯುವ ಬಡವರ ಮಾತು. ಇದನ್ನು ಕೇಳಿದಾಗ ನನಗೆ ನಮ್ಮ ಗರಡಿಯ ನೆನಪೇ ಆಯಿತು. ಗೆದ್ದವನು ‘ದೇವರು ನನ್ನ ಪಕ್ಷ’ ಎನ್ನುತ್ತಾನೆ; ಸೋತವನು ‘ಸತ್ತವನು ಸತ್ತಿಲ್ಲ’ ಎನ್ನುತ್ತಾನೆ. ಯುದ್ಧೈತಿಹ್ಯಗಳೆಂಬುವು ಬಹುಮಟ್ಟಿಗೆ ಈ ಎರಡು ವಾಕ್ಯಗಳ ವಿಸ್ತಾರವೆಂದು ನನ್ನ ನಮ್ರ ಅಭಿಪ್ರಾಯ.

೭. ಸಂಶೋಧನೆಯ ದಾರಿ

ಇಷ್ಟು ಹೇಳಿದ ಮಾತ್ರಕ್ಕೆ ಐತಿಹ್ಯವೆಲ್ಲ ಚರಿತ್ರೆಯೆಂದು ನಾನು ವಾದಿಸುತ್ತಿಲ್ಲ. ಪಾಡ್ದನವು ಊರಿಂದೂರಿಗೆ, ಬಾಯಿಂದ ಬಾಯಿಗೆ ಬದಲಾಗುತ್ತದೆ. ಅದನ್ನು ಶಾಸನದ ಬೆಳಕಿಗೆ ಹಿಡಿದು ನೋಡಬೇಕು. ಕಾರ್ಕಳದ ಗೊಮ್ಮಟನ ಶಾಸನವು ೧೪೩೨ರಲ್ಲಿ ವೀರಪಾಂಡ್ಯನು ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದನೆಂದು ಹೇಳುತ್ತದೆ. ಕಲ್ಕುಡನ ಪಾಡ್ದನವಾದರೋ ಅದನ್ನು ಕಡೆದ ಶಿಲ್ಪಿಯು ಇನ್ನೆಲ್ಲಿಯೂ ಅಂಥ ಕೆಲಸ ಮಾಡಬಾರದೆಂದು ಅರಸನು ಅವನ ಕೈಕಾಲು ಕಡಿಸಿದನೆನ್ನುತ್ತದೆ. ಶಾಸನವು ಇಸವಿಯನ್ನು ಕೊಟ್ಟಿತು, ಶಿಲ್ಪಿಯ ನೋವನ್ನು ಕೊಡಲಿಲ್ಲ. ಪಾಡ್ದನವು ನೋವನ್ನು ಕೊಟ್ಟಿತು, ಇಸವಿಯನ್ನು ಕೊಡಲಿಲ್ಲ. ಕೈ ಕಡಿದುದು ನಡೆದ ಸಂಗತಿಯೋ, ದುಡಿದವರ ಪಾಲಿನ ಅನ್ಯಾಯಕ್ಕೆ ಜನರು ಕೊಟ್ಟ ರೂಪವೋ, ಪಾಡ್ದನ ಒಂದರಿಂದಲೇ ತೀರ್ಮಾನಿಸಲಾಗದು. ಆದರೆ ಎರಡನ್ನೂ ಓದದವನಿಗೆ ಕಾರ್ಕಳದ ಚರಿತ್ರೆ ಅರ್ಧವೇ ತಿಳಿದಂತೆ.

ನಮ್ಮ ಕನ್ನಡ ನಾಡಿನ ವೀರಗಲ್ಲುಗಳು ಇವೆರಡರ ನಡುವಿನ ಸೇತುವೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಮೇಲಿನ ಎರಡು ಪಟ್ಟಿಕೆಗಳು ನಂಬಿಕೆ. ಕೆಳಗಿನದು ಹಲವು ಸಲ ಖಚಿತವಾದ ವೃತ್ತಾಂತ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಕಾದಿ ಸತ್ತ ‘ಕಾಳಿ’ ಎಂಬ ನಾಯಿಯ ಸ್ಮಾರಕವಾದರೂ, ಚೋಳ ರಾಜಾದಿತ್ಯನು ಸತ್ತ ತಕ್ಕೋಲದ ಯುದ್ಧಕ್ಕೆ ಅದೇ ಮುಖ್ಯವಾದ ಆಧಾರಗಳಲ್ಲಿ ಒಂದು. ನಾಯಿಯ ಕಲ್ಲೆಂದು ತಿರಸ್ಕರಿಸಿದ್ದರೆ ಒಂದು ಮಹಾಯುದ್ಧದ ಸಾಕ್ಷಿಯನ್ನು ಕಳೆದುಕೊಳ್ಳುತ್ತಿದ್ದೆವು.

ಹಿಂದಿನವರು ಈ ಕೆಲಸಕ್ಕೆ ತಳಹದಿ ಹಾಕಿದ್ದಾರೆ. ಬಾಸೆಲ್ ಮಿಶನಿನ ಮ್ಯಾನರ್ ಪಾದ್ರಿಯು ೧೮೮೬ರಲ್ಲಿ ಮಂಗಳೂರಿನಲ್ಲಿ ತುಳು ಪಾಡ್ದನಗಳನ್ನು ಅಚ್ಚುಹಾಕಿಸಿದನು. ಬರ್ನೆಲ್ ಸಂಗ್ರಹಿಸಿದವು ಅವನ ಮರಣಾನಂತರ, ೧೮೯೪ರಿಂದ, ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟವಾದುವು. ‘ಪಿಶಾಚಿಗಳ ಆರಾಧನೆ’ ಎಂದು ಕರೆದವರೇ ಬರೆದಿಟ್ಟು ಉಳಿಸಿದರೆಂಬುದು ಒಂದು ವಿನೋದ. ಪೆರುವಿನಲ್ಲಿಯೂ ಹೀಗೆಯೇ ಆಯಿತು. ನಮ್ಮವರೇ ಆದ ಪಂಜೆ ಮಂಗೇಶರಾಯರು, ಶಿಕ್ಷಣದ ಕೆಲಸದಲ್ಲಿ ಬಾಳಿದವರು, ಕೋಟಿ ಚೆನ್ನಯರ ಕಥೆಯನ್ನು ಕನ್ನಡದ ಮಕ್ಕಳ ಕೈಗಿತ್ತರು. ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಒಂದೊಂದು ಶಾಸನದ ತಿಥ್ಯಾದಿಗಳನ್ನು ತೂಗಿ ನೋಡಿ ಕಾಲನಿರ್ಣಯ ಮಾಡುವ ಕಷ್ಟಸಹಿಷ್ಣುತೆಯನ್ನು ನಮಗೆ ಕಲಿಸಿದರು. ಪಂಜೆಯವರ ಪ್ರೀತಿಯೂ ಪೈಗಳ ತಕ್ಕಡಿಯೂ ಎರಡೂ ನಮಗೆ ಬೇಕು.

ಚಲಿಸುವ ಚಿತ್ರವನ್ನು ಕಂಡು ನಾವು ಹೆದರಬೇಕಾಗಿಲ್ಲ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದವರು ಸೂತ್ರದ ಬೊಂಬೆಗಳಿಂದ ಪುರಾಣದ ಯುದ್ಧಗಳನ್ನು ಆಡಿಸಿ ದೇಶವಿದೇಶಗಳಲ್ಲಿ ಮನ್ನಣೆ ಪಡೆದಿದ್ದಾರೆ. ೧೯೭೩ರಲ್ಲಿಯೇ ‘ಕೋಟಿ ಚೆನ್ನಯ’ ತುಳು ಚಲನಚಿತ್ರವಾಗಿ ಬಂತು. ಮರದ ಬೊಂಬೆಯಾಗಲಿ, ಪರದೆಯ ಚಿತ್ರವಾಗಲಿ, ಕಥೆಗೆ ಜೀವ ಬರಿಸುತ್ತದೆ. ಆ ಜೀವಕ್ಕೆ ವಿವೇಕವನ್ನು ಕೂಡಿಸುವುದು ಅಧ್ಯಾಪಕನ ಕೆಲಸ. ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕೊಟ್ಟು ಮನೆಗೆ ಕಳಿಸಿ ನೋಡೋಣ. ಈ ಕಥೆಯನ್ನು ಯಾರು, ಯಾರ ಮುಂದೆ ಹೇಳುತ್ತಾರೆ? ಇದರಲ್ಲಿ ಬರುವ ಊರು, ದಾರಿ, ಗದ್ದೆ, ಆಯುಧಗಳು ಯಾವುವು, ಅವು ಈಗ ಎಲ್ಲಿವೆ? ನೆರೆಮನೆಯವರ ಭಾಷೆಯಲ್ಲಿ ಇದೇ ಕಥೆ ಹೇಗಿದೆ? ಮೂರನೆಯ ಪ್ರಶ್ನೆ ನಮ್ಮ ಗಡಿನಾಡಿಗೆ ವಿಶೇಷವಾಗಿ ಸಲ್ಲುವುದು. ಕನ್ನಡ, ತುಳು, ಮಲೆಯಾಳ ಮೂರೂ ಕೇಳಿಬರುವ ಬೀದಿಯಲ್ಲಿ ಆಡುವ ಮಕ್ಕಳಿಗೆ ಸಿಕ್ಕುವ ಸಾಮಗ್ರಿ ದೊಡ್ಡ ನಗರದ ವಿದ್ವಾಂಸನಿಗೂ ಸುಲಭವಾಗಿ ಸಿಕ್ಕದು. ಹಾಡಬಲ್ಲ ಮುದುಕಿಯರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ, ತಡಮಾಡುವಂತಿಲ್ಲ.

ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಹೇಳಿ ಮುಗಿಸುತ್ತೇನೆ. “ಕಲ್ಲು ಎದ್ದು ಕಾದಲಿಲ್ಲ ಮಗು. ಆದರೆ ಕಲ್ಲು ಎದ್ದಿತೆಂದು ಹೇಳಬೇಕಾದ ಅಗತ್ಯ ಒಬ್ಬ ಅರಸನಿಗೆ ಇತ್ತು. ಕೋಟಿ ಚೆನ್ನಯರು ಸತ್ತಿಲ್ಲವೆಂದು ಹೇಳಬೇಕಾದ ಅಗತ್ಯ ನಿನ್ನ ಅಜ್ಜನ ಅಜ್ಜನಿಗೆ ಇತ್ತು. ಆ ಎರಡು ಅಗತ್ಯಗಳೂ ನಿಜ. ಅವು ಒಂದೇ ಅಲ್ಲ. ಏಕೆಂದು ನಿನ್ನ ಅಜ್ಜಿಯನ್ನು ಕೇಳಿ ಬರೆದು ತಾ.”

ಕೆಲವು ದಿನಗಳ ಮೇಲೆ ಈ ಮಾತನ್ನು ಅವನಿಗೆ ಹೇಳಿದೆ. ಅವನು ಎರಡು ಹಾಳೆ ತುಂಬ ಬರೆದು ತಂದನು. ಅಕ್ಷರ ಸೊಟ್ಟಗಿತ್ತು, ತುಳುವಿನ ಮಾತುಗಳು ಕನ್ನಡದ ನಡುವೆ ನುಸುಳಿದ್ದುವು. ನಾನು ಕೆಂಪು ಶಾಯಿಯಿಂದ ತಿದ್ದಲಿಲ್ಲ.